ಎಪ್ಪತ್ತೆಂಟು ಗ್ರಾಂ

ಹೆಬ್ಬಾಳದ ಮೇಲ್ಸೇತುವೆ ಇಳಿದು
ವಿಮಾನ ಹಿಡಿಯುವವರ ಧಾವಂತವೆಲ್ಲ ನೆಟ್ಟಗೆ ಹರಿದು ಹೋದಮೇಲೆ
ಎಡಕ್ಕೆ, ಬೇಲಿಯೊಳಗೆ, ನಮ್ಮ ಜವೆಗೋಧಿ.
ನಾಲ್ಕು ತಳಿ, ನಾಲ್ಕು ಪ್ರಮಾಣ, ಮೂರು ಸಲ:
ನಲವತ್ತೆಂಟು ಮಡಿ. ಒಂದೊಂದೂ
ಜೋಡಿ ಮಂಚ ಹಿಡಿಸುವ ಕೋಣೆಯಷ್ಟು.

ಯೂರಿಯಾ ತೂಗುವುದು ನನ್ನ ಕೆಲಸ.
ಹಳೇ ಉತ್ತರಪತ್ರಿಕೆ ಹರಿದು ಪೊಟ್ಟಣ ಕಟ್ಟುತ್ತೇನೆ.
ಮೂವತ್ತರ ಮಡಿಗೆ ಎಪ್ಪತ್ತೆಂಟು ಗ್ರಾಂ,
ಅರವತ್ತಕ್ಕೆ ಅದರ ಎರಡರಷ್ಟು, ತೊಂಬತ್ತಕ್ಕೆ ಮೂರರಷ್ಟು.
ಸೊನ್ನೆಯ ಮಡಿಗೆ ಪೊಟ್ಟಣವಿಲ್ಲ.
ಅದರ ಮುಂದೆ ಕೈ ಬೀಸಿಕೊಂಡು ದಾಟಿಬಿಡುತ್ತೇನೆ,
ಸಾಲಗಾರನ ಅಂಗಡಿ ದಾಟುವ ಹಾಗೆ.

ಡಿಸೆಂಬರಿನ ಮಂಜು ಕರಗುವ ಹೊತ್ತಿಗೆ
ತೊಂಬತ್ತರವು ಕಡುಹಸಿರು, ಮೈ ತುಂಬಿ,
ಆಗಲೇ ಮೊಣಕಾಲು ಸೋಲುವ ಲಕ್ಷಣ.
ಸೊನ್ನೆಯವು ಬುಡದ ಎಲೆಯನ್ನು ಹಳದಿಗೆ ಬಿಟ್ಟುಕೊಟ್ಟು
ತುದಿಯ ಎಲೆಗೆ ಉಣಿಸುತ್ತ ನಿಂತವು.

ಜನವರಿಯಲ್ಲಿ ಒಂದು ಸೊನ್ನೆ ಹಸಿರಾಯಿತು.
ಮೂವತ್ತೇಳನೆಯ ಮಡಿ, ಎರಡು ಸಾಲಿನ ತೆನೆಯ ತಳಿ.
ಡಾಕ್ಟರು ನಕ್ಷೆ ತಿರುಗಿಸಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.
ಪೊಟ್ಟಣದ ಲೆಕ್ಕ ಮೂರು ಸಲ ಒಪ್ಪಿಸಿದೆ.

“ನಾನೇ ಹಾಕ್ದೆ ಕಣಪ್ಪ,” ಅಂದಳು ಕಳೆ ಕೀಳುವ ಪಿಳ್ಳಕ್ಕ,
ಕುಡುಗೋಲು ಕೆಳಗಿಡದೆ.
“ಪಕ್ಕದ್ದು ಉಣ್ತಾ ಕುಂತದೆ, ಇದು ಮಿಕಮಿಕ ನೋಡ್ತಾ ನಿಂತದೆ.
ಒಂದೇ ಪಂಕ್ತೀಲಿ ಕೂರ್ಸಿ ಒಂದೆಲೆಗೆ ಬಡಿಸ್ದೆ ಇರೋದು
ಅದ್ಯಾವೂರ ಓದು?
ಚೀಲದ ತಳದಾಗಿತ್ತು. ಒಂದು ಹಿಡಿ.”

ಒಂದು ಹಿಡಿ ಅಂದರೆ ಎಷ್ಟು?
ತಕ್ಕಡಿಯ ಮುಂದೆ ನಿಲ್ಲಿಸಿ ಹಿಡಿ ತುಂಬಿಸಿದೆ.
ಎಪ್ಪತ್ತೇಳು. ಇನ್ನೊಮ್ಮೆ, ಎಂಬತ್ತು. ಮತ್ತೊಮ್ಮೆ,
ಎಪ್ಪತ್ತೆಂಟು.
ಅಮೃತಹಳ್ಳಿಯ ಹೊಲದಲ್ಲಿ ರಾಗಿ ಚೆಲ್ಲಿದ ಕೈ.
ಆ ಹೊಲ ಈಗ ಬಸ್ ತಂಗುದಾಣ.

ಮಾರ್ಚಿನಲ್ಲಿ ಕೊಯ್ಲು.
ಅರವತ್ತರ ತನಕ ಇಳುವರಿ ಮೆಟ್ಟಿಲು ಹತ್ತಿತು,
ತೊಂಬತ್ತರಲ್ಲಿ ಏದುಸಿರು.
ಆರು ಸಾಲಿನ ಎತ್ತರದ ತಳಿಯಂತೂ ಒಂದೇ ರಾತ್ರಿಯ ಗಾಳಿಗೆ
ಚಾಪೆ ಹಾಸಿದಂತೆ ಮಲಗಿಬಿಟ್ಟಿತ್ತು.
ಆಮೇಲೆ ಪ್ರಯೋಗಾಲಯ: ಆಮ್ಲದಲ್ಲಿ ಕುದಿದ ಹಿಟ್ಟು,
ಹಸಿರು ದ್ರಾವಣ, ಬ್ಯೂರೆಟ್ಟಿನಿಂದ ಹನಿ, ಹನಿ,
ಗುಲಾಬಿಗೆ ತಿರುಗುವ ಆ ಒಂದು ಹನಿಗೆ ಕಾದ ಕಣ್ಣು.
ತೊಂಬತ್ತರ ಕಾಳಿನಲ್ಲಿ ಪ್ರೋಟೀನು ಹದಿಮೂರು ದಾಟಿತು.
ಮಾಲ್ಟಿನವರು ಹನ್ನೊಂದೂವರೆಗೇ ಮೂಗು ಮುರಿಯುತ್ತಾರೆ.
ಹೊಟ್ಟೆ ತುಂಬ ಉಂಡ ಕಾಳು ಬಿಯರನ್ನು ಕದಡುತ್ತದಂತೆ.

“ಇಷ್ಟೆಲ್ಲ ಮಾಡಿ, ಇದನ್ನ ಉಣ್ಣೋರು ಯಾರು?”
ಉಣ್ಣೋದಲ್ಲ, ಕುಡಿಯೋದು, ಅಂದೆ. ಇಂದಿರಾನಗರದಲ್ಲಿ
ಗಾಜಿನ ಗೋಡೆ ಹಿಂದೆ ತಾಮ್ರದ ಹಂಡೆಗಳು, ಅಲ್ಲಿಗೆ.
“ಹೆಂಡಕ್ಕಾ?” ಬಾಯಿಗೆ ಸೆರಗಿಟ್ಟು ನಕ್ಕಳು.
“ಹೆಂಡಕ್ಕೆ ಅರೆಹೊಟ್ಟೆ ಪೈರೇ ಆಗ್ಬೇಕಾ?”
ಆಮೇಲೆ ನಗಲಿಲ್ಲ. ನಾನೂ ಉತ್ತರ ಕೊಡಲಿಲ್ಲ.

ವರದಿಯಲ್ಲಿ ಮೂವತ್ತೇಳು ಕಳೆದುಹೋದ ಮಡಿ.
ಉಳಿದ ಮಡಿಗಳನ್ನೆಲ್ಲ ವಿಚಾರಿಸಿ ಒಂದು ಸೂತ್ರ,
ಅದು ಎಷ್ಟು ಹಸಿದಿರಬೇಕಿತ್ತು ಎಂದು
ಎರಡು ದಶಮಾಂಶದವರೆಗೆ ಹೇಳಿತು.

ಅದರ ಕಾಳು ಮಾತ್ರ ಕಪಾಟಿನಲ್ಲೇ ಇತ್ತು. ದುಂಡಗೆ, ತೆಳು ಬಂಗಾರ,
ಪ್ರೋಟೀನು ಹತ್ತೂಕಾಲು. ಯಾರ ಲೆಕ್ಕಕ್ಕೂ ಬೇಡವಾದದ್ದು.
ಚೀಲ ಪಿಳ್ಳಕ್ಕನಿಗೆ ಕೊಟ್ಟೆ. ಗಂಜಿ ಕಾಯಿಸ್ತೀನಿ, ಅಂದಳು.
ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು
ನನ್ನ ಮೇಜಿನ ಮೇಲಿಟ್ಟು ಹೋದಳು.

ತೂಗಿದೆ, ಅಭ್ಯಾಸಬಲ.
ಅರವತ್ತೆರಡು.
ಯೂರಿಯಾಕ್ಕಿಂತ ಕಾಳು ಹಗುರ.