ಗಾಲಿಯ ಖಾತೆ

ಮೊದಲು ಒಂದು ಖಾಲಿ ಫೋಲ್ಡರು. ಹೆಸರಿಟ್ಟೆ: ಗಾಲಿ.
ಅದರೊಳಗೆ ಬೇರಿನಂಥ ಒಂದು ಫೈಲು,
ಯಾವುದರ ಮೇಲೆ ಯಾವುದು ನಿಂತಿದೆ ಎಂದು ಹೇಳಲಿಕ್ಕೆ.
ಓಡಿಸಿ ನೋಡಿದೆ. ಹನ್ನೊಂದು ಸೆಕೆಂಡು.
ತಪ್ಪಿಲ್ಲ ಎಂದಿತು ಯಂತ್ರ.
ಏನೂ ಹೇಳದವರ ಮೇಲೆ ಅದಕ್ಕೆ ತಕರಾರಿಲ್ಲ.

ಯಶವಂತಪುರದ ಯಾರ್ಡಿನ ಹಿಂದೆ ನಮ್ಮ ಆಫೀಸು.
ಕೆಳಗೆ ಈರುಳ್ಳಿ ಮಂಡಿ, ಮೇಲೆ ನಾವು ಆರು ಜನ.
ರೈಲು ಎಷ್ಟು ದೂರ ಬಂತೆಂದು ಎಣಿಸುವ ಪೆಟ್ಟಿಗೆ ಮಾಡುತ್ತೇವೆ:
ಗಾಲಿಯ ಒಂದು ಸುತ್ತಿಗೆ ಇಷ್ಟು ಹಲ್ಲು,
ಇಷ್ಟು ಹಲ್ಲಿಗೆ ಇಷ್ಟು ಮೀಟರು.
ಅದನ್ನು ನಂಬಿ ಬ್ರೇಕು ಹಿಡಿಯುತ್ತದೆ.

ಮುಂಚೆ ವರದಿ ಸುಮ್ಮನೆ ಬರೆಯುತ್ತಿದ್ದೆವು, ಮುನ್ನೂರು ಪುಟ.
‘ಮೇಲೆ ಹೇಳಿದಂತೆ’ ಎಂದು ಎಲ್ಲೆಲ್ಲೂ.
ಮೇಲೆ ಯಾರೂ ಏನೂ ಹೇಳಿರಲಿಲ್ಲ.
ತಪಾಸಣೆಗೆ ಬಂದ ಫಿಲೋಮಿನಾ ಮೇಡಂ
ಒಂದು ಸಾಲಿನ ಕೆಳಗೆ ಬೆರಳಿಟ್ಟು ಕೇಳಿದರು:
‘ಇದು ಊಹೆಯೋ, ನಿಯಮವೋ, ಸಾಬೀತಾದದ್ದೋ?’
ನಾನೆಂದೆ, ‘ಪ್ಯಾರಾಗ್ರಾಫು.’

ಅದಕ್ಕೇ ಈಗ ಈ ಏರ್ಪಾಡು.
ಸೈಟು ಕೊಂಡವರಿಗೆಲ್ಲ ಗೊತ್ತು ಈ ಊರಿನ ಪ್ರಶ್ನೆ:
ಎ ಖಾತೆಯೋ ಬಿ ಖಾತೆಯೋ, ತಾಯಿಪತ್ರ ಎಲ್ಲಿ?
ಹಾಗೇ ವಾಕ್ಯ ಹುಟ್ಟುವ ಮೊದಲೇ ಅದರ ಖಾತೆ ತೆರೆಯಬೇಕು.
ವ್ಯಾಖ್ಯೆಗೆ ಒಂದು, ಊಹೆಗೆ ಒಂದು,
ಪರೀಕ್ಷೆಯ ಫಲಕ್ಕೆ ಒಂದು;
ಊಹೆ ಇದ್ದಲ್ಲಿ ಹೊಣೆಗಾರ ಇರಲೇಬೇಕು.
ಯಾವುದು ಯಾವುದರ ಸಂತಾನ, ಯಾರು ಯಾರಿಗೆ ಋಣಿ,
ಬರೆಯುತ್ತ ಮೂರು ದಿನ ಹೋಯಿತು.
ಬೈ-ಟು ಕಾಫಿಯ ತನ್ನ ಪಾಲು ಮುಗಿಸಿ ತಬ್ರೇಜ್ ಕೇಳಿದ,
‘ಕವಿತೆ ಬರೆದರೆ ಯಾವ ಖಾತೆ?’
‘ಬಿ,’ ಅಂದೆ.

ಸಾಬೀತು ಹೊಳೆಯದ ಕಡೆ ಹಾಕಲು ಅಲ್ಲೊಂದು ಪದ ಇದೆ: ಸಾರಿ.
ನಿಜಕ್ಕೂ ಅದೇ ಪದ. ಹಾಕಿದರೆ ಮುಂದೆ ಬಿಡುತ್ತದೆ,
ಗೊರಗುಂಟೆಪಾಳ್ಯದಲ್ಲಿ ಹತ್ತಿ ಕಾಲು ತುಳಿದವನನ್ನು
ಬಸ್ಸು ಬಿಟ್ಟುಕೊಳ್ಳುವ ಹಾಗೆ.
ಆದರೆ ಕೊನೆಯ ಪ್ರತಿ ತೆಗೆಯುವ ದಿನ
ಒಂದೊಂದನ್ನೂ ಎತ್ತಿ ತೋರಿಸುತ್ತದೆ, ಸಾಲಿನ ನಂಬರು ಸಮೇತ.
ಹದಿನಾಲ್ಕು ಸಾರಿ ಸಾರಿ ಅಂದಿದ್ದೆ.
ಹದಿನಾಲ್ಕೂ ತೀರಿಸಿದೆ, ಎರಡು ತಿಂಗಳು,
ಎಡಗಣ್ಣು ಹೊಡೆದುಕೊಳ್ಳುವ ತನಕ.

ಆಮೇಲೂ ಒಂದು ಕೆಂಪು ಗೆರೆ.
‘ಸವೆದ ಗಾಲಿಯ ವ್ಯಾಸ ಎಂಟುನೂರ ಮೂವತ್ತು
ಮಿಲಿಮೀಟರಿಗಿಂತ ಕೆಳಗಿಳಿಯದು.’
ಖಾತೆ: ಊಹೆ. ಹೊಣೆ: ಖಾಲಿ.
ಆರೂ ಜನರನ್ನು ಕೇಳಿದೆ. ಹಳೇ ವರದಿಯಲ್ಲಿತ್ತು ಎಂದರು.
ಹಳೇ ವರದಿ ತೆಗೆದೆ. ಅದಕ್ಕಿಂತ ಹಳೆಯದರಲ್ಲಿತ್ತು.

ಬಾಣಸವಾಡಿ ಕಡೆಯ ಶೆಡ್ಡಿಗೆ ಹೋದೆ.
ಗಾಲಿ ಅಳೆಯುವವರು ಮುನಿಯಲ್ಲಪ್ಪ.
ಮಂಡಿಯೂರಿ ಗೇಜು ಹಿಡಿದು, ಉಸಿರು ಕಟ್ಟಿ ಓದಿ,
ಕಬ್ಬಿಣದ ಮೇಲೇ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು.
‘ಎಂಟುನೂರ ನಲವತ್ತಕ್ಕೇ ನಾನು ಬಿಚ್ಚಿಸಿಬಿಡ್ತೀನಮ್ಮ.
ಮೂವತ್ತು ಅಂತ ಯಾರು ಹೇಳಿದ್ದು?’
ಮೇಲೆ ಹೇಳಿದಂತೆ, ಅನ್ನಲು ಬಾಯಿ ಬರಲಿಲ್ಲ.

ಹೆಸರು ಬರೆದುಕೊಂಡೆ. ಅವರೂ ಬಗ್ಗಿ ನೋಡಿದರು,
ಲಕಾರಕ್ಕೆ ಒತ್ತು ಬಿಟ್ಟಿದ್ದನ್ನು ತಿದ್ದಿಸಿದರು.
ಕೈ ಒರೆಸುತ್ತ ಕೇಳಿದರು:
‘ಮಾರ್ಚಿಗೆ ನಾನು ರಿಟೈರು.
ಆಮೇಲೂ ಇದು ನನ್ನ ಮಾತೇ ಏನು?’

ಅದಕ್ಕೆ ನನ್ನ ವಂಶಾವಳಿಯಲ್ಲಿ ಜಾಗವೇ ಇರಲಿಲ್ಲ.
ರಾತ್ರಿ ವಾಪಸು ಬಂದು ಊಹೆಯ ಖಾತೆಗೆ
ಇನ್ನೊಂದು ಅಂಕಣ ಸೇರಿಸಿದೆ: ಎಲ್ಲಿಯವರೆಗೆ.
ಖಾಲಿ ಬಿಡುವಂತಿಲ್ಲ ಎಂದೂ ಬರೆದೆ.
ಓಡಿಸಿದೆ.

ಅರವತ್ತೆರಡು ಕಡೆ ಕೆಂಪು.
ಗುರುತ್ವ ಎಲ್ಲಿಯವರೆಗೆ, ಹಳಿ ಎಲ್ಲಿಯವರೆಗೆ,
ಚಾಲಕನಿಗೆ ಕಣ್ಣು ಕಾಣುತ್ತದೆ ಎನ್ನುವುದು ಎಲ್ಲಿಯವರೆಗೆ.
ಕೆಳಗೆ ಲಾರಿಯಿಂದ ಈರುಳ್ಳಿ ಇಳಿಯತೊಡಗಿತ್ತು,
ಯಾರೋ ಮೂಟೆ ಎಣಿಸುತ್ತಿದ್ದರು, ಜೋರಾಗಿ.
ಮೊದಲನೆಯದನ್ನು ತೆರೆದೆ.