ಪ್ಯಾಸೆಂಜರ್ ಗಾಡಿಯ ಖಾರ

ಮುದಸ್ಸಿರ್ ಸಾಹೇಬರಿಗೆ ಲೆಕ್ಕ ಬೇಕು.
"ಇದಕ್ಕಿಂತ ಅದು ಎಷ್ಟು ಪಟ್ಟು ಖಾರ, ಹೇಳು ಪುಟ್ಟತಾಯಿ,
ಬೋರ್ಡಿನ ಮೇಲೆ ಬರೆಸಬೇಕು."
ಹೊರದೇಶದಲ್ಲಿ ಅದಕ್ಕೂ ಒಂದು ಅಳತೆ ಇದೆಯಂತೆ,
ಸಾವಿರ, ಲಕ್ಷ, ಹತ್ತು ಲಕ್ಷ.
ಲಕ್ಷ ನಾನು ಕಂಡವಳಲ್ಲ.
ಕಂಡಿದ್ದು ಮಂಡ್ಯದಿಂದ ಮೈಸೂರಿಗೆ
ದಿನಾ ಬೆಳಗ್ಗೆ ನಿಂತೇ ಬರುವ ಪ್ಯಾಸೆಂಜರ್ ಗಾಡಿ,
ಅದರ ಸ್ಟೇಷನ್ನುಗಳು.

ಹಾಗಾಗಿ ಸರಸ್ವತಿಪುರದ ಈ ರೆಕ್ಕೆ ಅಂಗಡಿಯಲ್ಲಿ
ಸಾಸಿನ ಬಾಟಲಿಗಳಿಗೆಲ್ಲ ಊರಿನ ಹೆಸರು.

ಮಂಡ್ಯ ಅಂದರೆ ಬರೀ ಬೆಲ್ಲ, ಹುಣಸೆ, ಬೆಣ್ಣೆ,
ಮಕ್ಕಳಿಗೆ, ಹೊಟ್ಟೆಹುಣ್ಣಿನವರಿಗೆ.
ಯಲಿಯೂರಿಗೆ ಕಾಳುಮೆಣಸು. ಗಾಡಿ ಈಗಷ್ಟೇ ಹೊರಟಿದೆ,
ಕಿಟಕಿ ಸೀಟಿನ ಜಗಳ ಇನ್ನೂ ಮುಗಿದಿಲ್ಲ.
ಬ್ಯಾಡರಹಳ್ಳಿಗೆ ಬ್ಯಾಡಗಿ: ಬಣ್ಣದಲ್ಲೇ ಹೆದರಿಸುತ್ತದೆ
ಮೀಸೆ ತಿರುವಿದ ಹೆಡ್ ಕಾನ್ಸ್‌ಟೇಬಲ್ಲಿನ ಹಾಗೆ,
ಮಾತಾಡಿಸಿದರೆ ಮಗು.
ಪಾಂಡವಪುರದಲ್ಲಿ ಗುಂಟೂರು ಹತ್ತಿಕೊಳ್ಳುತ್ತದೆ,
ಮೂಗಿನ ತುದಿಗೆ ಬೆವರು, ಹುಡುಗರ ಮಾತು ಬಂದ್.
ಶ್ರೀರಂಗಪಟ್ಟಣದ ಸೂಜಿಮೆಣಸಿಗೆ ಎಲ್ಲರೂ ನೀರು ಕೇಳುತ್ತಾರೆ.
ಕೇಳಲಿ, ಅಲ್ಲಿ ಹೊಳೆಯಿದೆ.
ನೀರು ಕುಡಿದರೆ ಉರಿ ಹೋಗುವುದಿಲ್ಲ ಅಂತ ನಾನು ಹೇಳುವುದಿಲ್ಲ.
ಮಜ್ಜಿಗೆಗೆ ಬೇರೆ ದುಡ್ಡು.

ನಾಗನಹಳ್ಳಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.
ಗಾಡಿ ಅಲ್ಲಿ ಸಿಗ್ನಲ್ಲಿಗೆ ಸುಮ್ಮನೆ ನಿಂತಿರುತ್ತದೆ.
"ಇಷ್ಟೇನಾ?" ಅಂತ ಎರಡನೇ ತುಂಡಿಗೆ ಕೈ ಹಾಕುತ್ತಾರೆ.
ಆಗ
ಕಿವಿಯೊಳಗೆ ಶಿಳ್ಳೆ.

ಮೈಸೂರಿಗೆ ಮೆಣಸಿನಕಾಯಿ ಬರುವುದು ಅಸ್ಸಾಮಿನಿಂದ, ಪಾರ್ಸಲ್ಲಿನಲ್ಲಿ.
ಅದನ್ನು ರುಬ್ಬುವ ದಿನ ಅಂಗಡಿಯ ಬೆಕ್ಕೂ
ಎದುರು ಮನೆ ಕಾಂಪೌಂಡು ಹತ್ತಿ ಕೂರುತ್ತದೆ.
ಲಾ ಕಾಲೇಜಿನ ಹುಡುಗನೊಬ್ಬ ಪಂಥ ಕಟ್ಟಿ ತಿಂದ.
ನಾಲ್ಕರವರೆಗೆ ನಕ್ಕ.
ಆರನೇ ರೆಕ್ಕೆಗೆ ಯಾವುದೋ ಹೆಸರು ಹಿಡಿದು ಅತ್ತ.
ಖಾರಕ್ಕೆ ಅತ್ತನೋ, ಖಾರದ ನೆಪ ಸಿಕ್ಕಿತೆಂದು ಅತ್ತನೋ,
ಗೆಳೆಯರು ವಿಡಿಯೋ ನಿಲ್ಲಿಸಿ ನೆಲ ನೋಡಿದರು.
ನಾನು ಮಜ್ಜಿಗೆ ಕೊಟ್ಟೆ. ಬಿಲ್ಲಿಗೆ ಸೇರಿಸಲಿಲ್ಲ.

ಎಲ್ಲ ಬಾಟಲಿಯಿಂದಲೂ ದಿನಾ ಒಂದೊಂದು ಹನಿ
ನಾಲಿಗೆ ಮೇಲೆ ಬಿಟ್ಟು ನೋಡುವುದು ನನ್ನ ಕೆಲಸ.
ಆದರೆ ನನ್ನ ಮೊದಲ ಖಾರ ಇದ್ಯಾವುದೂ ಅಲ್ಲ.

ಅವ್ವ ಮದುವೆ ಮನೆಗಳಿಗೆ ಖಾರ ಅರೆಯಲು ಹೋಗುತ್ತಿದ್ದಳು.
ನೂರೈವತ್ತು ಎಲೆಯ ಬಾಡೂಟ, ಕಲ್ಲಿನ ಮುಂದೆ ಅವಳೊಬ್ಬಳೇ.
ಕೈ ತೊಳೆದು, ಹರಳೆಣ್ಣೆ ಸವರಿ, ಮತ್ತೆ ತೊಳೆದು,
ಮೂರು ತಿಂಗಳ ನನ್ನನ್ನು ಎತ್ತಿ ಎದೆಗೆ ಹಾಕಿಕೊಂಡಳಂತೆ.
ಕಿರುಚಿದ್ದು ಮೂರು ಬೀದಿಗೆ ಕೇಳಿಸಿತಂತೆ.
"ಅವತ್ತೇ ಕೆಲಸ ಕಲ್ತೆ ನೀನು" ಅಂತ ಈಗಲೂ ನಗುತ್ತಾಳೆ.
ಆ ರಾತ್ರಿಯೆಲ್ಲ ಅವಳು ಎರಡೂ ಅಂಗೈಯನ್ನು
ಹಿತ್ತಾಳೆ ಕೊಳಗದ ತಣ್ಣನೆ ಹೊಟ್ಟೆಗೆ ಒತ್ತಿ ಕೂತಿದ್ದಳೆಂದು
ಹೇಳಿದ್ದು ಅಜ್ಜಿ, ಅವಳಲ್ಲ.
ನಾಲಿಗೆಯ ಖಾರಕ್ಕೆ ಅರ್ಧ ಗಂಟೆ ಆಯಸ್ಸು.
ಕೈಯ ಖಾರ ಮಾರನೇ ದಿನ ಎದ್ದು ಮತ್ತೆ ಕೆಲಸಕ್ಕೆ ಬರುತ್ತದೆ.

ನನಗೆ ನೀಲಿ ಗ್ಲೌಸು ಕೊಟ್ಟಿದ್ದಾರೆ.
ಆದರೂ ರಾತ್ರಿ ಗಾಡಿಯಲ್ಲಿ ತೂಕಡಿಸಿ ಕಣ್ಣುಜ್ಜಿಕೊಂಡೆನೋ,
ಯಲಿಯೂರು ಬರುವಷ್ಟರಲ್ಲಿ ಮೈಸೂರು ಹೊತ್ತಿಕೊಳ್ಳುತ್ತದೆ.
ಹೋಗುವ ದಾರಿಯಲ್ಲಿ ಏರಿದ್ದೆಲ್ಲ
ಬರುವ ದಾರಿಯಲ್ಲಿ ಇಳಿಯಲೇಬೇಕೆಂದು
ರೈಲ್ವೆಯವರೇನೂ ಬರೆದುಕೊಟ್ಟಿಲ್ಲ.

ನಿನ್ನೆ ಮೈಸೂರಿನ ಬಾಟಲಿಯ ತಳ ಬಳಿದು ತಂದಿದ್ದೆ.
ಅವ್ವ ಮುದ್ದೆ ಮುರಿದಳು, ಅದ್ದಿದಳು, ನುಂಗಿದಳು.
ಕಾದೆ. ನಾಗನಹಳ್ಳಿಯ ಹಾಗೆ ಸುಮ್ಮನೆ ನಿಂತು ಕಾದೆ.
ಅವಳು ಬೆರಳು ನೆಕ್ಕಿ ಕೇಳಿದಳು:
"ಇಲ್ಲಿಗೇ ನಿಂತೋಯ್ತಾ?
ಚಾಮರಾಜನಗರದ್‌ಗಂಟ ಹೋಗಾಕಿಲ್ವಾ ನಿಮ್ ರೈಲು?"