ಕುರ್ಚಿ ಟಿಕೆಟ್ಟು

ಕಾಫಿ ಕುಯ್ಲಿನ ಕೂಲಿ ಕೈಗೆ ಬರುವ ಹೊತ್ತಿಗೆ ಸರಿಯಾಗಿ
ಗೋಣಿಕೊಪ್ಪದ ಸಂತೆಮಾಳದ ಹಿಂದೆ
ತಗಡು ಹೊದ್ದು ಎದ್ದು ನಿಂತಿತು ಗದಗಿನ ಕಡೆಯ ಕಂಪನಿ.
ಮುಂದೆ ಕುರ್ಚಿ, ನಡುವೆ ಬೆಂಚು,
ಹಿಂದೆ ಕಾಫಿಹೊಟ್ಟು ಹರಡಿದ ನೆಲ.
ಗೇಟಿನಲ್ಲಿ ನಾನು,
ಕಂಪನಿ ಕೊಟ್ಟ ಖಾಕಿ ಅಂಗಿಯಲ್ಲಿ:
ತೋಳು ಗಿಡ್ಡ, ಗತ್ತು ಉದ್ದ.

ದುಡ್ಡಿಲ್ಲದವರು ಸೆರಗಿನಂಚಿಗೆ ಕಟ್ಟಿ ತಂದ ಕರಿಮೆಣಸನ್ನು
ಹಿಡಿಯಲ್ಲಿ ಅಳೆದು ಒಳಗೆ ಬಿಡುತ್ತಿದ್ದೆ.
ಯಜಮಾನ ಗುರುಪಾದಪ್ಪನಿಗೆ ಅರ್ಧದ ಲೆಕ್ಕ,
ಇನ್ನರ್ಧ ಮೊಯ್ದು ಕಾಕನ ಅಂಗಡಿಯಲ್ಲಿ
ಬೀಡಿಯಾಗುತ್ತಿತ್ತು.

ವಾರದ ನಡುವೆ ‘ಅಳಿಯನ ಹಲ್ಲುನೋವು’.
ದುಂಡಪ್ಪ ನಾಲ್ಕೇ ನಾಲ್ಕು ಕೊಡವ ಮಾತು ಕಲಿತು
ನಾಲ್ಕನ್ನೂ ಆಡಬಾರದ ಕಡೆ ಆಡಿದಾಗ
ಬೆಂಚಿನ ಚೋಂದವ್ವನ ತಲೆವಸ್ತ್ರ ಜಾರಿತು,
ನೆಲದ ಯರವರ ಚಾತ
ನಿದ್ದೆಗಣ್ಣಿನ ಮಗುವನ್ನು ಎತ್ತಿ ಎತ್ತಿ ತೋರಿಸಿದ.
ಒಬ್ಬ ಸಾಹುಕಾರರು ನಕ್ಕ ರಭಸಕ್ಕೆ ಕುರ್ಚಿ ಮುರಿಯಿತು,
ಅದೂ ನಾಟಕವೇ ಎಂದು ಜನ ಒನ್ಸ್‌ಮೋರ್ ಕೂಗಿದರು.

ಶನಿವಾರ, ಭಾನುವಾರ ‘ತಾಯಿಯ ತಾಳಿ ತಕ್ಕಡಿಗೆ’.
ತಾಯಿ ನೀಲವ್ವನಿಗೆ ಇಪ್ಪತ್ತೆರಡು.
ಮಗನಿಗೆ ಐವತ್ತು, ಮೇಲೆ ಸಂಧಿವಾತ.
ಹಗಲು ಕೀರೆಹೊಳೆಯಲ್ಲಿ ರಾಜರ ಪಂಚೆ ಒಗೆಯುವಳು,
ರಾತ್ರಿ ಜಡೆಗೆ ಬಿಳಿಪುಡಿ ಬಡಿದುಕೊಂಡು
ಮೂರನೇ ಅಂಕದಲ್ಲಿ ಕಾಲು ಗಂಟೆ ಸಾಯುವಳು.

ಆ ಕಾಲು ಗಂಟೆಗೆಂದೇ ಬರುತ್ತಿದ್ದರು
ಸುಬೇದಾರ್ ಬೊಳ್ಳಿಯಪ್ಪ.
ಹಾಸ್ಯವೆಲ್ಲ ಮುಗಿದ ಮೇಲೆ, ಬೂಟು ಸದ್ದು ಮಾಡದೆ,
ಪೂರ್ತಿ ದುಡ್ಡು ಕೊಟ್ಟು,
ಎಡಗಡೆಯ ಕೊನೇ ಕುರ್ಚಿ.
ಹನ್ನೊಂದು ಸಲ ಹರಿದಿದ್ದೇನೆ ಅವರ ಟಿಕೆಟ್ಟು.
ಹೊರಡುವಾಗ ಕಣ್ಣೊರೆಸಿ ನನ್ನ ಗದರುವರು:
‘ಪೆಟ್ರೋಮ್ಯಾಕ್ಸು ಹೊಗೆ ಕಣೋ, ಸರಿಮಾಡಿಸು.’
ಬರ್ಮಾ ಗಡಿಗೆ ಮನೆಯ ಕಾಗದ
ಎಷ್ಟು ತಿಂಗಳಿಗೆ ಮುಟ್ಟಿತೆಂದು
ಊರಿಗೆಲ್ಲ ಗೊತ್ತಿತ್ತು.
ಯಾರೂ ಆಡುತ್ತಿರಲಿಲ್ಲ.

ಹನ್ನೆರಡನೆಯ ಸಲ ಹೂಮಳೆ ಬಂತು.

ತಗಡಿನ ಮೇಲೆ ಸಾವಿರ ಸೇರು ಬೀಜ ಸುರಿದ ಹಾಗೆ.
ಹಾರ್ಮೋನಿಯಂ ಬಾಯಿ ಬಿಡುತ್ತಿದೆ, ಸ್ವರವಿಲ್ಲ.
ಮಗ ಎದೆ ಬಡಿದುಕೊಳ್ಳುತ್ತಿದ್ದಾನೆ, ಸದ್ದಿಲ್ಲ.
ಮುಂದಿನ ಸಾಲಿನ ತೋಟದ ಧಣಿಗಳು
ನಾಟಕಕ್ಕೆ ಬೆನ್ನು ಹಾಕಿ ಒಬ್ಬರಿಗೊಬ್ಬರು
ಬೆರಳೆತ್ತಿ ತೋರುತ್ತಿದ್ದಾರೆ: ಒಂದಿಂಚು! ಒಂದಿಂಚು!
ಹೆಣವಾಗಬೇಕಾದ ತಾಯಿಗೆ ಸೀಟಿ, ಚಪ್ಪಾಳೆ.
ಸೈಡ್‌ವಿಂಗಿನಲ್ಲಿ ಗುರುಪಾದಪ್ಪ
ಮಳೆಗೋ ಕಲೆಗೋ ತಿಳಿಯದೆ ಕೈ ಮುಗಿದ.

ಆಗ ಸುಬೇದಾರರು ಎದ್ದರು.
ಸಾಲು ಸಾಲು ದಾಟಿ ರಂಗದಂಚಿಗೆ ಹೋಗಿ
ಕಿವಿಗೆ ಅಂಗೈ ಒಡ್ಡಿ ನಿಂತರು.
ನೀಲವ್ವ ಸಾಯುವುದನ್ನು ಅರ್ಧಕ್ಕೆ ಬಿಟ್ಟು,
ಮೊಣಕೈ ಊರಿ ತೆವಳಿ ಬಂದು,
ಆ ಕಿವಿಯಲ್ಲಿ ಏನೋ ಹೇಳಿದಳು.
ಅವರು ತಲೆಯಾಡಿಸಿದರು. ಎರಡು ಸಲ.
ಅವಳು ವಾಪಸು ಹೋಗಿ ಸತ್ತಳು.

ಬೆಳಗ್ಗೆ ತಗಡು ಬಿಚ್ಚಿದರು. ಲಾರಿ ಕೆಸರಲ್ಲಿ ಹೂತಿತ್ತು.
ನನ್ನ ಒಂಬತ್ತು ದಿನದ ಸಂಬಳಕ್ಕೆ
ಗುರುಪಾದಪ್ಪ ಒಂದು ಕೀಚಕನ ಮೀಸೆ ಕೊಟ್ಟ.
ಟ್ರಂಕು ಎತ್ತಿಕೊಡುತ್ತ ಕೇಳಿದೆ: ‘ಏನಂದೆ ಅವರಿಗೆ?’
‘ಏನಂತೀನಿ? ಅಜ್ಜಾರ, ನಿಮ್ಮ ಕುರ್ಚಿ ಮ್ಯಾಲ ಸೋರಾಕತ್ತೈತಿ,
ಈ ಕಡೆ ಸರದು ಕೂಡ್ರಿ, ನೆಗಡಿ ಆದೀತು ಅಂದೆ.’

ಇದನ್ನು ನಾನು ಸುಬೇದಾರರಿಗೆ ಹೇಳಲಿಲ್ಲ.
ಅವರೂ ಕೇಳಲಿಲ್ಲ.
ವಾರದೊಳಗೆ ತೋಟವೆಲ್ಲ ಬೆಳ್ಳಗೆ ಅರಳಿ
ಸಂತೆಮಾಳದವರೆಗೂ ಘಮ್ಮೆಂದಿತು.

ಮರುವರ್ಷ ಬಂದದ್ದು ಬೇರೆ ಕಂಪನಿ, ಬರೀ ನಗೆನಾಟಕ.
ಅದೇ ಮೂಲೆಯ ಕುರ್ಚಿ ಕೇಳಿ ಪಡೆದು
ಅವರು ಈ ಸಲ ಮೊದಲಿನಿಂದಲೇ ಕೂತರು.
ಆ ನಾಟಕದ ತಾಯಿ ಗಟ್ಟಿಮುಟ್ಟು,
ಕೊನೆಯವರೆಗೂ ಸೊಸೆಯೊಡನೆ ಜಗಳವಾಡುತ್ತ
ಬದುಕೇ ಇದ್ದಳು.
ಜನವೆಲ್ಲ ಹೋಗಿ, ಹುಡುಗರು ಬೆಂಚು ಪೇರಿಸುವಾಗಲೂ
ಸುಬೇದಾರರು ಕಾಯುತ್ತಿದ್ದರು.
ನಾನು ದೀಪ ಆರಿಸಲಿಲ್ಲ.